ಎಂಜಿನ್ ಬದಲಾದರೆ ಸಾಕೆ? ಬೆಸುಗೆಯ ಬಲ ಅಳೆಯುವವರು ಯಾರು?

ಬೆಂಗಳೂರು: ಹಳೆಯ ವಾಹನಕ್ಕೆ ಬೇರೊಂದು ಎಂಜಿನ್ ಕೂರಿಸುವುದು ನಮ್ಮ ಗ್ಯಾರೇಜುಗಳಿಗೆ ಹೊಸ ವಿದ್ಯೆಯೇನಲ್ಲ. ಜೀಪು, ಅಂಬಾಸಿಡರ್‌ಗಳ ಪೆಟ್ರೋಲ್ ಎಂಜಿನ್ ಕಳಚಿ ಡೀಸೆಲ್ ಎಂಜಿನ್ ಅಳವಡಿಸುತ್ತಿದ್ದ ಕಾಲವೊಂದಿತ್ತು. ಆಗ ಇಂಧನದ ಉಳಿತಾಯವೇ ಉದ್ದೇಶವಾಗಿತ್ತು. ಈಗ ಅದಕ್ಕೆ ವೇಗದ ಹಂಬಲವೂ ಸೇರಿಕೊಂಡಿದೆ. ಆದರೆ ಚರ್ಚೆ ಮಾತ್ರ ಅಶ್ವಶಕ್ತಿ, ಹೊಗೆ ಮತ್ತು ದಾಖಲೆ ಪತ್ರಗಳ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಎಂಜಿನ್‌ಗಾಗಿ ಕತ್ತರಿಸಿ ಬೆಸೆದ ಬಾಡಿ ಆ ಹೊರೆಯನ್ನು ತಾಳಬಲ್ಲುದೇ ಎಂಬ ಮೂಲ ಪ್ರಶ್ನೆ ಮೂಲೆಗುಂಪಾಗಿದೆ.

ಹೊರೆ ಎಷ್ಟು?

ಹಳೆಯ ಜೀಪಿನಲ್ಲಿ ಎಂಜಿನ್ ಕೂರುವುದು ಏಣಿಯಾಕಾರದ ಗಟ್ಟಿ ಚಾಸಿಯ ಮೇಲೆ. ಬಹುತೇಕ ಕಾರುಗಳಲ್ಲಿ ಇಂಥ ಪ್ರತ್ಯೇಕ ಚಾಸಿ ಇಲ್ಲ. ತೆಳು ಉಕ್ಕಿನ ಹಾಳೆಗಳನ್ನು ಬೆಸೆದು ರೂಪಿಸಿದ ಮೊನೊಕಾಕ್ ಬಾಡಿಯೇ ಇಡೀ ಭಾರವನ್ನು ಹೊರುತ್ತದೆ. ಅದರ ಒಂದು ಭಾಗವನ್ನು ಕತ್ತರಿಸಿದರೆ ಪರಿಣಾಮ ಇಡೀ ರಚನೆಯ ಮೇಲಾಗುತ್ತದೆ.

ಎಂಜಿನ್ನಿನ ತೂಕವಷ್ಟೇ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಉದಾಹರಣೆಗೆ, 150 ನ್ಯೂಟನ್ ಮೀಟರ್ ತಿರುಚುಬಲದ ಎಂಜಿನ್ ಮೊದಲ ಗೇರಿನಲ್ಲಿ 3.5 ಪಟ್ಟು ಹೆಚ್ಚಿದರೆ ಗೇರ್ ಬಾಕ್ಸಿನಿಂದ ಹೊರಬರುವುದು 525 ನ್ಯೂಟನ್ ಮೀಟರ್. ಉದ್ದುದ್ದ ಕೂರಿಸಿದ ಎಂಜಿನ್‌ಗಳಲ್ಲಿ ಇಷ್ಟೇ ಬಲದ ಪ್ರತಿಕ್ರಿಯೆಯನ್ನು ಎಂಜಿನ್ ಮೌಂಟಿಂಗ್‌ಗಳು ತಡೆದುಕೊಳ್ಳಬೇಕು. ಅದೇ ಜಾಗಕ್ಕೆ 300 ನ್ಯೂಟನ್ ಮೀಟರಿನ ಎಂಜಿನ್ ಬಂದರೆ ಹೊರೆ 1,050ಕ್ಕೆ ಏರುತ್ತದೆ. ಕ್ಲಚ್ ಬಿಟ್ಟಾಗಲೆಲ್ಲ, ಗುಂಡಿಗೆ ಬಿದ್ದಾಗಲೆಲ್ಲ ಬೆಸುಗೆಯ ಮೇಲೆ ಈ ಪೆಟ್ಟು ಬೀಳುತ್ತಲೇ ಇರುತ್ತದೆ.

ಕಣ್ಣಿಗೆ ಕಾಣದ ಬಿರುಕು

ಬೆಸುಗೆ ಹೊರನೋಟಕ್ಕೆ ಅಚ್ಚುಕಟ್ಟಾಗಿದ್ದ ಮಾತ್ರಕ್ಕೆ ಗಟ್ಟಿಯಾಗಿದೆ ಎನ್ನಲಾಗದು. ಅಂಬಾಸಿಡರ್ ಕಾಲದ ಮೃದು ಉಕ್ಕು ಟಿಂಕರಿಂಗ್ ಕೆಲಸಕ್ಕೆ ಸುಲಭವಾಗಿ ಒಗ್ಗುತ್ತಿತ್ತು. ಈಗಿನ ಕಾರುಗಳಲ್ಲಿ ಪ್ರಯಾಣಿಕರ ಸುತ್ತಲಿನ ಕಂಬಗಳಿಗೆ ಸುಮಾರು 1,500 ಮೆಗಾಪಾಸ್ಕಲ್ ಬಲದ ಬೋರಾನ್ ಉಕ್ಕನ್ನು ಬಳಸುವುದುಂಟು. ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅಚ್ಚಿನಲ್ಲೇ ಥಟ್ಟನೆ ತಣಿಸುವುದರಿಂದ ಅದಕ್ಕೆ ಆ ಬಲ ಬರುತ್ತದೆ. ಗ್ಯಾರೇಜಿನ ವೆಲ್ಡಿಂಗ್ ಕಾವು ತಗುಲಿದ ಕಡೆ ಆ ಉಕ್ಕು ಮೆತ್ತಗಾಗುತ್ತದೆ. ಬಣ್ಣ ಬಳಿದ ಮೇಲೆ ಅದರ ಕುರುಹೂ ಉಳಿಯುವುದಿಲ್ಲ.

ದಪ್ಪ ತಗಡು ಬೆಸೆದರಾಯಿತು ಎಂಬ ನಂಬಿಕೆಯೂ ಅಪಾಯಕಾರಿಯೇ. ದಪ್ಪ ತಗಡು ಮುಗಿದು ತೆಳು ಹಾಳೆ ಆರಂಭವಾಗುವಲ್ಲಿ ಒತ್ತಡ ಒಟ್ಟುಗೂಡುತ್ತದೆ. ಪದೇ ಪದೇ ಬೀಳುವ ಹೊರೆಯಿಂದ ಬೆಸುಗೆಯ ಅಂಚಿನಲ್ಲೇ ಬಿರುಕು ಹುಟ್ಟುತ್ತದೆ. ಹೆಚ್ಚು ಬಲದ ಉಕ್ಕು ಬಳಸಿದರೂ ಬೆಸುಗೆಯ ಈ ದಣಿವು ಕಡಿಮೆಯಾಗುವುದಿಲ್ಲ.

ಅಪಘಾತದ ವೇಳೆ ಕಾರಿನ ಮುಂಭಾಗದ ತೊಲೆಗಳು ಹಂತಹಂತವಾಗಿ ಮಡಚಿಕೊಂಡು ಆಘಾತವನ್ನು ಹೀರಬೇಕು. ಮನಬಂದಂತೆ ತಗಡು ಬೆಸೆದು ಅವುಗಳನ್ನು ಬಿಗಿಗೊಳಿಸಿದರೆ ಪೆಟ್ಟು ನೇರವಾಗಿ ಒಳಗೆ ಕುಳಿತವರತ್ತ ಸಾಗುತ್ತದೆ. ಗಂಟೆಗೆ 56 ಕಿ.ಮೀ. ವೇಗದ ಡಿಕ್ಕಿ ಪರೀಕ್ಷೆಯನ್ನು ಭಾರತದಲ್ಲಿ 2017ರ ಅಕ್ಟೋಬರ್‌ನಿಂದ ಹೊಸ ಮಾದರಿಗಳಿಗೂ, 2019ರ ಅಕ್ಟೋಬರ್‌ನಿಂದ ಉಳಿದ ಕಾರುಗಳಿಗೂ ಕಡ್ಡಾಯಗೊಳಿಸಲಾಯಿತು. ಕತ್ತರಿಸಿ ಬೆಸೆದ ಕಾರಿಗೆ ಆ ಪರೀಕ್ಷೆಯ ಭರವಸೆ ಅನ್ವಯಿಸುವುದಿಲ್ಲ.

ನಿಷೇಧವೇ ಉತ್ತರವೇ?

ತಯಾರಕರು ನೀಡಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು.

ಕಾನೂನಿನ ಉದ್ದೇಶ ಪ್ರಶ್ನಾತೀತ. ಆದರೆ ನಿಷೇಧದಿಂದ ಕೆಲಸ ನಿಲ್ಲಲಿಲ್ಲ, ಮರೆಗೆ ಸರಿಯಿತು. ತನ್ನ ಕಾರಿನ ಬೆಸುಗೆಯನ್ನು ತಜ್ಞರಿಗೆ ತೋರಿಸಬಯಸುವ ಮಾಲೀಕನೂ ಮೊದಲು ತಪ್ಪಿತಸ್ಥನಾಗಬೇಕಾಗುತ್ತದೆ. ಇದರ ಬೆಲೆ ತೆರುವವರು ಮುಂದೆ ಆ ಕಾರು ಕೊಳ್ಳುವ ಅಮಾಯಕರು. ಪುಟ್ಟಿ, ಬಣ್ಣದಡಿ ಅಡಗಿದ ಜೋಡಣೆ ಅವರಿಗೆ ಕಾಣುವುದಿಲ್ಲ. ಅಪಘಾತವಾದರೆ ವಿಮಾ ಪರಿಹಾರವೂ ಕೈತಪ್ಪಬಹುದು.

ಆಸ್ಟ್ರೇಲಿಯಾ ಬೇರೆ ಹಾದಿ ಹಿಡಿದಿದೆ. ಅಲ್ಲಿನ ವಿಎಸ್‌ಬಿ-14 ಸಂಹಿತೆಯು ವಾಹನದ ತೂಕಕ್ಕೆ ಅನುಗುಣವಾಗಿ ಎಂಜಿನ್ ಗಾತ್ರಕ್ಕೆ ಮಿತಿ ಹಾಕುತ್ತದೆ; ಬಾಡಿ ಎಷ್ಟು ಬಾಗುತ್ತದೆ, ಎಷ್ಟು ತಿರುಚಿಕೊಳ್ಳುತ್ತದೆ ಎಂಬುದನ್ನು ಅಳೆಯುವ ವಿಧಾನವನ್ನೂ ಹೇಳುತ್ತದೆ. ದೊಡ್ಡ ಮಾರ್ಪಾಡುಗಳಿಗೆ ಮಾನ್ಯತೆ ಪಡೆದ ಎಂಜಿನಿಯರ್ ಸಹಿ ಮಾಡಬೇಕು. ಸಹಿ ಮಾಡಿದವರ ಮೇಲೆ ಹೊಣೆಯೂ ಇರುತ್ತದೆ.

ಭಾರತದಲ್ಲೂ ಹಳೆಯ ಕಾರುಗಳನ್ನು ವಿದ್ಯುತ್‌ ಚಾಲಿತವಾಗಿಸುವ ಕಿಟ್‌ಗಳಿಗೆ ಎಐಎಸ್-123 ಮಾನದಂಡದಡಿ ಅನುಮೋದನೆಯ ದಾರಿಯಿದೆ. ಭಾರದ ಬ್ಯಾಟರಿಯನ್ನು ಹೊರುವ ಬಾಡಿಗೆ ಪರೀಕ್ಷೆ ಸಾಧ್ಯವಾದರೆ, ಎಂಜಿನ್ ಹೊರುವ ಬೆಸುಗೆಗೆ ಅದು ಅಸಾಧ್ಯವೇನಲ್ಲ. ಬೆಸುಗೆ ಪರೀಕ್ಷಿಸಬಲ್ಲ ಪರಿಣತರನ್ನು ಈ ವ್ಯವಸ್ಥೆಯೊಳಗೆ ತರುವವರೆಗೆ, ಕಾಗದದ ಮೇಲಿನ ನಿಷೇಧ ರಸ್ತೆಯ ಮೇಲಿನ ಜೀವಗಳನ್ನು ಕಾಯಲಾರದು.