ಇಂದಿನ ಅಕ್ಕಿ, ನಾಳಿನ ಸಾಲ



ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ಅರಿಯದ ಭಕ್ತರು ವಿರಳ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನವರದು, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳಿದರು. ಪ್ರವಚನಗಳಲ್ಲಿ ನಾವು ಇದನ್ನು ಕೇಳಿ ತಲೆದೂಗುತ್ತೇವೆ. ಆದರೆ ಮನೆಗೆ ಮರಳಿದ ಮೇಲೆ ನಮ್ಮ ಜಮಾಖರ್ಚಿಗೂ ಈ ಪ್ರಸಂಗಕ್ಕೂ ಏನು ಸಂಬಂಧ ಎಂದು ಎಷ್ಟು ಜನ ಕೇಳಿಕೊಳ್ಳುತ್ತೇವೆ?

ಕೆಲವರು ಇದನ್ನು ಉಳಿತಾಯಕ್ಕೆ ವಿರುದ್ಧವಾದ ಮಾತೆಂದು ಅರ್ಥೈಸುವುದುಂಟು. ನಾಳೆಗೆಂದು ಕೂಡಿಡುವುದೇ ಆಸೆ, ಆಸೆಯೇ ಭವಕ್ಕೆ ಮೂಲ ಎಂಬುದು ಅವರ ವಾದ. ನನ್ನ ಅಲ್ಪಮತಿಗೆ ಇದು ಸಮಂಜಸವೆನಿಸುವುದಿಲ್ಲ. ಅಂದು ಕಾಯಕ ಮಾಡುವವನ ಹಿಂದೆ ದಾಸೋಹದ ಆಸರೆಯಿತ್ತು; ಹಸಿದು ಬಂದವನನ್ನು ಬರಿಗೈಯಲ್ಲಿ ಕಳುಹಿಸದ ಸಮೂಹವಿತ್ತು. ಇಂದು ಮನೆಯ ಯಜಮಾನನು ಒಂದು ತಿಂಗಳು ಆಸ್ಪತ್ರೆಯಲ್ಲಿ ಮಲಗಿದರೆ, ಒಂದು ಮುಂಗಾರು ಕೈಕೊಟ್ಟರೆ, ಆ ಕುಟುಂಬ ಹೋಗುವುದು ಬಡ್ಡಿಗೆ ಹಣ ಕೊಡುವವನ ಬಾಗಿಲಿಗೆ. ಕಷ್ಟಕಾಲಕ್ಕೆಂದು ತೆಗೆದಿಟ್ಟ ಹಣವು ಕಾಯಕವನ್ನು ಕಾಯುವ ಬೇಲಿಯೇ ಹೊರತು ದುರಾಸೆಯಲ್ಲ. ಲಕ್ಕಮ್ಮನವರು ಪ್ರಶ್ನಿಸಿದ್ದು ಅಗತ್ಯವನ್ನಲ್ಲ, ಅಗತ್ಯವನ್ನು ಮೀರಿದ ಮನಸ್ಸನ್ನು.

ಹಾಗಾದರೆ ನಮ್ಮ ಕಾಲದ ಹೆಚ್ಚಿನ ಅಕ್ಕಿ ಯಾವುದು? ಅದು ಸಾಲ ಮಾಡಿ ಮೆರೆಯುವ ಆಡಂಬರವೆಂದು ನಾನು ಭಾವಿಸುತ್ತೇನೆ. ಮಾರಯ್ಯನವರು ತಂದದ್ದು ಅಂದಿನ ಅಂಗಳದಲ್ಲಿ ಬಿದ್ದಿದ್ದ ಅಕ್ಕಿ. ಸಾಲ ಮಾಡುವ ನಾವು ತರುವುದಾದರೋ ಇನ್ನೂ ಬೆಳೆಯದ ಹೊಲದ ಅಕ್ಕಿ, ನಾಳೆ ಮಾಡಬೇಕಾದ ಕಾಯಕದ ಫಲ.

ಒಂದು ಲೆಕ್ಕವನ್ನು ನೋಡೋಣ. ಮಗಳ ಮದುವೆಯ ಮಂಟಪ, ಶಾಮಿಯಾನ, ಆಹೇರು, ಬಗೆಬಗೆಯ ಭಕ್ಷ್ಯಗಳಿಗಾಗಿ 4 ಲಕ್ಷ ರೂಪಾಯಿಗಳನ್ನು ವರ್ಷಕ್ಕೆ ಶೇಕಡಾ 12ರ ಬಡ್ಡಿಯಲ್ಲಿ ಸಾಲ ತಂದರೆ, 5 ವರ್ಷಗಳ ಕಾಲ ಪ್ರತಿ ತಿಂಗಳೂ ಸುಮಾರು 8,900 ರೂಪಾಯಿಗಳ ಕಂತು ಕಟ್ಟಬೇಕು. ಬಡ್ಡಿಯೇ ಸುಮಾರು 1 ಲಕ್ಷ 34 ಸಾವಿರವಾಗುತ್ತದೆ. ನೂರಕ್ಕೆ 3 ರೂಪಾಯಿ ಬಡ್ಡಿಯ ಕೈಸಾಲವಾದರೆ ವರ್ಷಕ್ಕೆ ಶೇಕಡಾ 36. ಮೂರು ವರ್ಷ ಕಳೆಯುವುದರೊಳಗೆ ಕಟ್ಟಿದ ಬಡ್ಡಿಯೇ ಅಸಲನ್ನು ಮೀರುತ್ತದೆ, ಅಸಲು ಹಾಗೆಯೇ ಉಳಿದಿರುತ್ತದೆ. ಉಂಡವರು ಊಟವನ್ನು ಮರೆತಿರುತ್ತಾರೆ. ತಂದೆಯಾದವನು ಮಾತ್ರ ಕಂತು ಕಟ್ಟುತ್ತಲೇ ಇರುತ್ತಾನೆ.

ಸಣ್ಣ ಖರ್ಚುಗಳ ವಿಷಯವೂ ಹೀಗೆಯೇ. 2016ರಲ್ಲಿ ಯುಪಿಐ ಬಂದ ಮೇಲೆ ಮೊಬೈಲಿನಿಂದಲೇ ಹಣ ಕೊಡುವುದು ಸುಲಭವಾಯಿತು. ಇದು ಉಪಕಾರಿಯೇ ಸರಿ. ಆದರೆ ನೋಟನ್ನು ಎಣಿಸಿ ಕೊಡುವಾಗ ಆಗುತ್ತಿದ್ದ ಅರಿವು ಈಗ ಆಗುವುದಿಲ್ಲ. ದಿನಕ್ಕೆ 40 ರೂಪಾಯಿ ಅನಗತ್ಯವಾಗಿ ಹೋದರೆ ವರ್ಷಕ್ಕೆ 14,600 ರೂಪಾಯಿ. ನಮ್ಮ ಮನೆಯಲ್ಲಿ ಪ್ರತಿ ಅಮಾವಾಸ್ಯೆಯಂದು ಎಲ್ಲರೂ ಕುಳಿತು ತಿಂಗಳ ಖರ್ಚನ್ನು ಒಂದು ಪುಸ್ತಕದಲ್ಲಿ ಬರೆಯುವ ರೂಢಿಯಿದೆ. ಯಾರನ್ನೂ ಗದರಿಸುವುದಿಲ್ಲ, ಬರೆದದ್ದನ್ನು ಓದುತ್ತೇವೆ, ಅಷ್ಟೆ. ಮರುತಿಂಗಳು ಕೆಲವು ಖರ್ಚುಗಳು ತಾವಾಗಿಯೇ ಕಡಿಮೆಯಾಗಿರುತ್ತವೆ.

ಕೂಡಿಟ್ಟದ್ದನ್ನು ಎಲ್ಲಿ ಇಡಬೇಕೆಂಬುದೂ ವಿವೇಕದ ಪ್ರಶ್ನೆಯೇ. 1905ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿಪತ್ತಿನ ಸಹಕಾರ ಸಂಘವನ್ನು ಕಟ್ಟಿದ ನಾಡು ನಮ್ಮದು. ಸಹಕಾರದ ಬಗೆಗೆ ನಮಗೆ ಅಭಿಮಾನವಿರುವುದು ಸಹಜ. ಆದರೂ ಒಂದು ಭೇದವನ್ನು ತಿಳಿದಿರಬೇಕು. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲಿಯೂ, ಇಟ್ಟ ಠೇವಣಿಗೆ 2020ರಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿಗಳವರೆಗೆ ವಿಮೆಯ ರಕ್ಷಣೆಯಿದೆ. ಬ್ಯಾಂಕಲ್ಲದ ಪತ್ತಿನ ಸಂಘಗಳ ಠೇವಣಿಗೆ ಈ ವಿಮೆಯಿಲ್ಲ. ಒಂದೆರಡು ರೂಪಾಯಿ ಹೆಚ್ಚಿನ ಬಡ್ಡಿಗೆ ಮನಸೋತು ಇಳಿವಯಸ್ಸಿನ ಆಸರೆಯನ್ನೆಲ್ಲ ಒಂದೇ ಕಡೆ ಇಡುವುದು ಸಲ್ಲದು.

ಹಾಗೆಂದು ಉಳಿತಾಯವೇ ಗುರಿಯಾದರೆ ಅದೂ ಲಕ್ಕಮ್ಮನವರ ಮಾತಿಗೆ ದೂರವೇ. ಮಕ್ಕಳ ವಿದ್ಯೆ, ಕಾಯಿಲೆ, ಮುಪ್ಪು ಇವುಗಳಿಗೆ ಬೇಕಾದದ್ದನ್ನು ತೆಗೆದಿಟ್ಟ ಮೇಲೂ ಉಳಿಯುವುದು ದಾಸೋಹಕ್ಕೆ ಸಲ್ಲಬೇಕು. ದಾಸೋಹವೆಂದರೆ ಮಠಕ್ಕೆ ಕೊಡುವ ಕಾಣಿಕೆ ಮಾತ್ರವೇ ಅಲ್ಲ. ನೆರೆಮನೆಯ ಮಗುವಿನ ಶಾಲಾ ಶುಲ್ಕವೂ ದಾಸೋಹವೇ. ಬಡ ಬಂಧುವು ಸಾಲ ಮಾಡದಂತೆ, ಸರಳವಾದ ಮದುವೆಗೆ ನಾವೇ ಮೊದಲು ಮೇಲ್ಪಂಕ್ತಿ ಹಾಕುವುದೂ ದಾಸೋಹವೇ. ಉಳ್ಳವರು ಸರಳವಾಗಿ ಮದುವೆ ಮಾಡಿದರೆ ಇಲ್ಲದವರಿಗೆ ನಾಚಿಕೆಯ ಭಯ ತಪ್ಪುತ್ತದೆ. ಈ ಹೊಣೆ ಉಳ್ಳವರ ಮೇಲೆಯೇ ಹೆಚ್ಚು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಂದು ಗಂಡನು ತಂದದ್ದನ್ನು ಪ್ರಶ್ನಿಸುವ ಅಧಿಕಾರ ಹೆಂಡತಿಗಿತ್ತು. ಕೇಳಿ ತಿದ್ದಿಕೊಳ್ಳುವ ವಿನಯ ಗಂಡನಿಗಿತ್ತು. ಇಂದು ಎಷ್ಟೋ ಮನೆಗಳಲ್ಲಿ ಸಾಲದ ಸುದ್ದಿ ಹೆಂಡತಿಗೆ ತಿಳಿಯುವುದು ವಸೂಲಿಗೆ ಜನ ಬಂದಾಗ. ಆದ್ದರಿಂದ ದೊಡ್ಡ ಖರ್ಚಿಗೆ, ಸಾಲದ ಪತ್ರಕ್ಕೆ ಸಹಿ ಹಾಕುವ ಮುನ್ನ ಸತಿಪತಿಗಳಿಬ್ಬರೂ ಕುಳಿತು ಮಾತನಾಡಲಿ. ಇದು ಬೇಕೇ, ಇಷ್ಟು ಬೇಕೇ, ಯಾರ ಕಾಯಕದಿಂದ ತೀರಿಸುವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲಿ.