ಅರ್ಧ ಹೊರಗೋಡಲು, ಅರ್ಧ ಒಳಗಿಡಲು

ಇಂಗ್ಲೆಂಡಿನ ಶೆಫೀಲ್ಡ್ ನಗರದ ವೆಸ್ಟ್ ಬಾರ್‌ನಲ್ಲಿ 1900ರಲ್ಲಿ ಕಟ್ಟಿದ ಹಳೆಯ ಠಾಣೆಯೊಂದಿದೆ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ. ಅಂದರೆ ಆ ಯುಗದ ಕೊನೆಯ ಸಾಲಿನ ಕಟ್ಟಡಗಳಲ್ಲಿ ಇದೂ ಒಂದು. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರೂ ಒಂದೇ ಸೂರಿನಡಿ ಇದ್ದವು. ಈಗ ಅಲ್ಲಿರುವುದು ತುರ್ತು ಸೇವೆಗಳ ಮ್ಯೂಸಿಯಂ. ಇಂಥ ಕಟ್ಟಡದ ಮುಂದೆ ನಿಂತು ಮುಖವಾಡದಂಥ ಮುಂಭಾಗವನ್ನಷ್ಟೇ ಮೆಚ್ಚಿ ಹೊರಡುವವರೇ ಹೆಚ್ಚು. ತಲೆ ಓಡಿಸಿ ಕಟ್ಟಿದ್ದೆಲ್ಲ ಇರುವುದು ಒಳಗೆ.

ಪೊಲೀಸರಿಗೂ ಬೆಂಕಿಗೂ ಏನು ನಂಟು? ಲಂಡನ್ನಿನಲ್ಲಿ ಬೆಂಕಿ ಆರಿಸುವ ಪಡೆಯನ್ನು ಬಹುಕಾಲ ವಿಮಾ ಕಂಪನಿಗಳೇ ನಡೆಸುತ್ತಿದ್ದವು. 1861ರ ಟೂಲಿ ಸ್ಟ್ರೀಟ್ ಅಗ್ನಿ ದುರಂತದಲ್ಲಿ ಪಡೆಯ ಮುಖ್ಯಸ್ಥ ಜೇಮ್ಸ್ ಬ್ರೇಡ್‌ವುಡ್ ಸತ್ತರು, ಕಂಪನಿಗಳು ನಷ್ಟದ ಲೆಕ್ಕ ನೋಡಿ ಕೈಚೆಲ್ಲಿದವು, 1866ರಿಂದ ಸಾರ್ವಜನಿಕ ದಳ ಬಂತು. ಉಳಿದ ಎಷ್ಟೋ ಊರುಗಳು ಇಷ್ಟು ಖರ್ಚಿಗೆ ಹೋಗಲಿಲ್ಲ. ಪೊಲೀಸರು ಹೇಗೂ ರಾತ್ರಿಯಿಡೀ ಬೀದಿ ಸುತ್ತುತ್ತಾರೆ, ಹೊಗೆ ಮೊದಲು ಕಾಣುವುದು ಅವರಿಗೇ. ಬೆಂಕಿಯ ಕೆಲಸವನ್ನೂ ಅವರಿಗೇ ವಹಿಸಿದರಾಯಿತು ಎಂದುಕೊಂಡವು. ಈ ಪದ್ಧತಿ 1941ರಲ್ಲಿ ರಾಷ್ಟ್ರೀಯ ಅಗ್ನಿಶಾಮಕ ಸೇವೆ ಬರುವವರೆಗೂ ನಡೆಯಿತು. ಅಗ್ನಿಶಾಮಕ ಇಲಾಖೆಗೆ ಐಪಿಎಸ್ ಅಧಿಕಾರಿಗಳು ಮುಖ್ಯಸ್ಥರಾಗಿ ಬರುವುದನ್ನು ನೋಡುತ್ತಿರುವ ಕರ್ನಾಟಕದವರಿಗೆ ಇದೇನೂ ವಿಚಿತ್ರ ಅನ್ನಿಸಬೇಕಿಲ್ಲ.

ಹೀಗೆ ಒಂದಾದ ಇಲಾಖೆಗಳು ಕಟ್ಟಡದಿಂದ ಕೇಳಿದ್ದು ಮಾತ್ರ ಪೂರಾ ತದ್ವಿರುದ್ಧ. ಅಗ್ನಿಶಾಮಕದವರಿಗೆ ಕ್ಷಣದಲ್ಲಿ ಹೊರಬೀಳಬೇಕು. ಪೊಲೀಸರು ಹಿಡಿದು ತಂದವನು ಯಾವ ಕಾರಣಕ್ಕೂ ಹೊರಬೀಳಕೂಡದು.

ಮೊದಲು ದೊಡ್ಡ ಬಾಗಿಲುಗಳನ್ನು ನೋಡಿ. ಜೋಡಿ ಕುದುರೆ, ಅವುಗಳ ಹಿಂದೆ ಹಬೆಯಂತ್ರ ಹೊತ್ತ ಗಾಡಿ, ಎಲ್ಲ ಒಂದೇ ಸಲ ನುಗ್ಗಬೇಕು. ಅಷ್ಟಗಲ ಬಾಗಿಲು ಇಟ್ಟರೆ ಮೇಲಿನ ಅಂತಸ್ತುಗಳನ್ನು ಹೊರುವ ಗೋಡೆಯೇ ಇಲ್ಲದಂತಾಗುತ್ತದೆ. ಆ ಭಾರವನ್ನು ಹೊರುವುದು ಬಾಗಿಲ ನೆತ್ತಿಯ ಮೇಲೆ ಅಡ್ಡ ಮಲಗಿಸಿದ ಕಬ್ಬಿಣದ ತೊಲೆ, ಇಲ್ಲವೇ ಕಮಾನು. ಕುದುರೆ ಲಾಯ ಗಾಡಿಯ ಪಕ್ಕದಲ್ಲೋ ಹಿಂದಿನ ಅಂಗಳದಲ್ಲೋ ಇರುತ್ತಿತ್ತು. ಅನೇಕ ಠಾಣೆಗಳಲ್ಲಿ ಕುದುರೆಯ ಸರಂಜಾಮನ್ನು ಚಾವಣಿಯಿಂದಲೇ ತೂಗುಹಾಕಿರುತ್ತಿದ್ದರು. ಗಂಟೆ ಬಾರಿಸಿದ ಕೂಡಲೇ ಕುದುರೆ ಅದರ ಕೆಳಗೆ ಬಂದು ನಿಲ್ಲಬೇಕು. ಸರಂಜಾಮು ಬೆನ್ನ ಮೇಲೆ ಇಳಿಯುತ್ತದೆ, ಕೊರಳಪಟ್ಟಿ ಟಕ್ಕೆಂದು ಬೀಳುತ್ತದೆ, ಗಾಡಿ ಹೊರಟಿತು. ಬಾಯ್ಲರಿನ ನೀರನ್ನು ಸದಾ ಬೆಚ್ಚಗೆ ಇಟ್ಟಿರುತ್ತಿದ್ದುದರಿಂದ ಸ್ಥಳ ಮುಟ್ಟುವಷ್ಟರಲ್ಲಿ ಹಬೆ ಏಳುತ್ತಿತ್ತು. ಮಹಡಿಯಿಂದ ಸರ್ರನೆ ಜಾರಿ ಇಳಿಯುವ ಕಂಬ ಷಿಕಾಗೋದವರ ಉಪಾಯ, 1878ರದ್ದು.

ಗೋಪುರವನ್ನು ಬರಿಯ ಠೀವಿಗೆ ಕಟ್ಟಿದ್ದು ಅಂದುಕೊಳ್ಳುವವರಿದ್ದಾರೆ. ನೀರು ಹಾಯಿಸುವ ಕ್ಯಾನ್ವಾಸ್ ಹೋಸನ್ನು ಒದ್ದೆಯಾಗಿಯೇ ಸುತ್ತಿಟ್ಟರೆ ಕೊಳೆತುಹೋಗುತ್ತದೆ. ಹತ್ತಾರು ಅಡಿ ಉದ್ದದ ಆ ಕೊಳವೆಯನ್ನು ನೀರು ಬಸಿದು ಗಾಳಿಯಾಡುವಂತೆ ನೇತುಹಾಕಲು ಎತ್ತರ ಬೇಕೇ ಬೇಕು. ತುದಿಯಲ್ಲಿ ಕಾವಲುಗಾರ ನಿಂತು ಊರಿನ ಮೇಲೆ ಕಣ್ಣಿಡುತ್ತಿದ್ದದ್ದೂ ಉಂಟು. ಟೆಲಿಫೋನ್ ಬಂದಮೇಲೆ ಆ ಕೆಲಸ ಹೋಯಿತು, ಹೋಸ್ ಒಣಹಾಕುವುದು ಮಾತ್ರ ತಪ್ಪಲಿಲ್ಲ.

ಲಾಕಪ್ ಕಡೆ ಎಲ್ಲವೂ ಇಕ್ಕಟ್ಟು. ದಪ್ಪ ಗೋಡೆ, ಕೈಗೆಟುಕದ ಎತ್ತರದಲ್ಲಿ ಪುಟ್ಟ ಕಿಟಕಿ, ಬಾಗಿಲಲ್ಲಿ ಹೊರಗಿನಿಂದ ಮಾತ್ರ ತೆರೆಯುವ ಕಿಂಡಿ. ಒಳಗೋಡೆಗೆ ಹಲವು ಕಡೆ ಹೊಳಪಿನ ಇಟ್ಟಿಗೆ ಬಳಸುತ್ತಿದ್ದರು. ಅದು ಅಂದಕ್ಕಲ್ಲ, ಕುಡಿದು ಬಂದವನು ವಾಂತಿ ಮಾಡಿದರೆ ಬಕೆಟ್ ನೀರು ಎರಚಿ ತೊಳೆದರೆ ಮುಗಿಯಿತು. ಕೋಣೆಗಳನ್ನು ಒಂದೇ ಓಣಿಗೆ ಸಾಲಾಗಿ ಜೋಡಿಸಿದರೆ ಕಾನ್‌ಸ್ಟೆಬಲ್ ಒಬ್ಬನೇ ಎಲ್ಲವನ್ನೂ ಕಾಯಬಹುದು. ಸಂಬಳ ಉಳಿಸುವ ನಕ್ಷೆ ಅದು.

ಈ ಮಾದರಿಯನ್ನು ಅತಿಗೆ ಒಯ್ದದ್ದು ಮ್ಯಾಂಚೆಸ್ಟರ್. ಅಲ್ಲಿಯ ಲಂಡನ್ ರೋಡ್ ಠಾಣೆ 1906ರಲ್ಲಿ ತೆರೆಯಿತು. ರಾಣಿ ಸತ್ತು ಐದು ವರ್ಷವಾಗಿದ್ದರೂ ವಿಕ್ಟೋರಿಯನ್ನರ ಆಲೋಚನೆಯೇ ಅಲ್ಲಿಯೂ ಮುಂದುವರಿದಿತ್ತು. ತ್ರಿಕೋನಾಕಾರದ ಜಾಗದಲ್ಲಿ ಕೆಂಪು ಇಟ್ಟಿಗೆ, ಟೆರಾಕೋಟಾ. ಅಗ್ನಿಶಾಮಕ, ಪೊಲೀಸ್, ಆಂಬುಲೆನ್ಸ್ ಜೊತೆಗೆ ಬ್ಯಾಂಕು, ಅಸಹಜ ಸಾವುಗಳ ವಿಚಾರಣೆಯ ಕೋರ್ಟು, ಗ್ಯಾಸ್ ಮೀಟರು ಪರೀಕ್ಷಿಸುವ ಕಚೇರಿ ಕೂಡ! ಸಿಬ್ಬಂದಿಯ ಮನೆಗಳಿದ್ದದ್ದು ನಡುವಣ ಅಂಗಳದ ಸುತ್ತ. ಗಂಟೆ ಬಾರಿಸಿದರೆ ಸಂಸಾರವಂದಿಗನೂ ಊಟದ ತಟ್ಟೆ ಬಿಟ್ಟು ಓಡಬೇಕಿತ್ತು. 1986ರಲ್ಲಿ ಅಗ್ನಿಶಾಮಕ ದಳ ಹೊರಟುಹೋದ ಮೇಲೆ ಆ ಭಾರೀ ಕಟ್ಟಡ ವರ್ಷಗಟ್ಟಲೆ ಪಾಳು ಬಿತ್ತು.

ಇಂಥ ಕಟ್ಟಡಗಳನ್ನು ಹೋಟೆಲ್ಲು, ಫ್ಲ್ಯಾಟುಗಳಾಗಿ ಬದಲಿಸುವುದಕ್ಕೆ ನನ್ನ ತಕರಾರಿಲ್ಲ. ಬಳಕೆ ಇಲ್ಲದ ಕಟ್ಟಡ ಉಳಿಯುವುದೂ ಇಲ್ಲ. ಮುಂಭಾಗ ಉಳಿಸಿ ಒಳಗನ್ನು ಬಗೆದು ಹಾಕುವುದನ್ನು ಸಂರಕ್ಷಣೆ ಅನ್ನುವುದು ಮಾತ್ರ ಒಪ್ಪತಕ್ಕದ್ದಲ್ಲ. ಮರುಬಳಕೆಯ ನಕ್ಷೆ ಮೇಜಿನ ಮೇಲೆ ಬಂದಾಗ ಇಟ್ಟಿಗೆಯ ಬಣ್ಣದ ಮಾತು ಆಮೇಲೆ ಆಡಬಹುದು. ಮೊದಲು ನೋಡಬೇಕಾದ್ದು ಅಂಗಳವನ್ನು ತುಂಬಿಬಿಡುತ್ತಾರೋ, ಗೋಪುರದೊಳಗೆ ಲಿಫ್ಟ್ ತೂರಿಸುತ್ತಾರೋ, ಲಾಕಪ್ಪಿನ ಗೋಡೆಗಳನ್ನು ಒಡೆದು ಹಜಾರ ಮಾಡುತ್ತಾರೋ ಎಂಬುದನ್ನು.