ಊದಿಸುವವರಿಗೆ ಊದಿಸುವವರಾರು?

ಕಳೆದ ತಿಂಗಳು ಬೆಂಗಳೂರಿನಲ್ಲಿ ಮಿತ್ರರೊಬ್ಬರ ಮಗಳ ಆರತಕ್ಷತೆ ಮುಗಿಸಿಕೊಂಡು ರಾತ್ರಿ ಹನ್ನೊಂದರ ಸುಮಾರಿಗೆ ಮನೆಗೆ ಹಿಂದಿರುಗುತ್ತಿದ್ದೆ. ಕಾರು ನನ್ನದೇ, ನಡೆಸುತ್ತಿದ್ದವನೂ ನಾನೇ. ರಸ್ತೆಗೆ ಅಡ್ಡಲಾಗಿ ಬ್ಯಾರಿಕೇಡುಗಳನ್ನು ನಿಲ್ಲಿಸಿ ಪೋಲೀಸರು ಒಂದೊಂದೇ ವಾಹನವನ್ನು ತಡೆಯುತ್ತಿದ್ದರು. ನನ್ನ ಮಗನಿಗಿಂತ ಚಿಕ್ಕವನಾದ ಕಾನ್‌ಸ್ಟೇಬಲನೊಬ್ಬ ಕೊಳವೆಯಿದ್ದ ಯಂತ್ರವನ್ನು ನನ್ನ ಬಾಯಿಗೆ ಹಿಡಿದು, "ಊದಿ ಸಾರ್" ಎಂದ. ಕಾಫಿಗಿಂತ ಹೆಚ್ಚಿನ ಅಮಲನ್ನು ಜೀವಮಾನದಲ್ಲಿ ಕಂಡವನಲ್ಲ ನಾನು. ಆದರೂ ಊದಿದೆ. ಸೊನ್ನೆ ಬಂತು. ಹೊರಡುವ ಮುನ್ನ ಸುಮ್ಮನೆ ಕೇಳಿದೆ: "ಅಲ್ಲಪ್ಪಾ, ನಮಗೆಲ್ಲ ನೀವು ಊದಿಸುತ್ತೀರಿ. ನಿಮಗೆ ಯಾರು ಊದಿಸುತ್ತಾರೆ?"

ಅವನು ನಕ್ಕುಬಿಟ್ಟ. "ನಮಗ್ಯಾರು ಸಾರ್ ಊದಿಸ್ತಾರೆ!"

ಅವನ ನಗೆಯಲ್ಲಿ ಕಪಟವಿರಲಿಲ್ಲ. ಇಂಥ ಪ್ರಶ್ನೆಯನ್ನು ಯಾರಾದರೂ ಕೇಳಬಹುದೆಂಬುದೇ ಅವನಿಗೆ ಸೋಜಿಗವಾಗಿತ್ತು, ಅಷ್ಟೆ. ಆದರೆ ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅದಕ್ಕೆ ಕಾರಣವಿದೆ. ಆ ಕಾರಣವನ್ನು ಇದುವರೆಗೆ ಮನೆಯವರ ಹೊರತು ಯಾರಿಗೂ ಹೇಳಿದವನಲ್ಲ. ಈಗ ಹೇಳುತ್ತೇನೆ.

ಮೂವತ್ತು ವರ್ಷಗಳ ಹಿಂದಿನ ಮಾತು. ತಾಲ್ಲೂಕು ಕೇಂದ್ರವೊಂದರಲ್ಲಿ ನಾನು ಮೇಷ್ಟರಾಗಿದ್ದೆ. ಒಂದು ಮುಂಜಾನೆ, ಇನ್ನೂ ಕತ್ತಲೆ ಹರಿಯುವ ಮೊದಲು, ನಮ್ಮ ಬೀದಿಗೆ ಹಾಲು ಹಾಕುತ್ತಿದ್ದವನ ಸೈಕಲ್ಲಿಗೆ ಪೋಲೀಸ್ ಜೀಪೊಂದು ಬಡಿಯಿತು. ಸದ್ದು ಕೇಳಿ ಓಡಿಹೋದವರಲ್ಲಿ ನಾನೇ ಮೊದಲಿಗ. ಜೀಪು ನಡೆಸುತ್ತಿದ್ದವರು ಸ್ವತಃ ಅಧಿಕಾರಿಗಳು. ಅವರನ್ನು ಕೈಹಿಡಿದು ಇಳಿಸಿಕೊಂಡವನು ನಾನು. ಅವರ ಬಾಯಿಂದ ಬರುತ್ತಿದ್ದ ಸಾರಾಯಿಯ ನಾತ ಈಗಲೂ ನನ್ನ ಮೂಗಿನಲ್ಲಿದೆ. ಹಾಲಿನವನ ಕಾಲನ್ನು ಆಮೇಲೆ ಕತ್ತರಿಸಬೇಕಾಯಿತು.

ಮಹಜರು ಬರೆದದ್ದು ಮಧ್ಯಾಹ್ನ. ರಸ್ತೆ ಮಳೆಯಿಂದ ಒದ್ದೆಯಾಗಿತ್ತು ಎಂದು ಬರೆದರು, ಅದು ನಿಜ. ಸೈಕಲ್ಲಿಗೆ ದೀಪವಿರಲಿಲ್ಲ ಎಂದು ಬರೆದರು, ಅದೂ ನಿಜ. "ಮೇಷ್ಟ್ರೇ, ತಾವೂ ಒಂದು ರುಜು ಹಾಕಿಬಿಡಿ" ಎಂದು ಹೆಡ್ ಕಾನ್‌ಸ್ಟೇಬಲರು ವಿನಯದಿಂದಲೇ ಕಾಗದ ಚಾಚಿದರು. ನಾನು ಪಂಚನಾಗಿ ರುಜು ಹಾಕಿದೆ. ಅಧಿಕಾರಿಗಳನ್ನು ವೈದ್ಯರು ಪರೀಕ್ಷಿಸಿದ್ದು ಸಂಜೆಗೆ. ಅಮಲಿನ ಲಕ್ಷಣ ಕಂಡುಬರಲಿಲ್ಲ ಎಂದು ಅವರು ಬರೆದುಕೊಟ್ಟರು. ಆ ಹೊತ್ತಿಗೆ ಅದೂ ನಿಜವೇ ಆಗಿದ್ದಿರಬೇಕು.

ಓದುಗರು ಇದನ್ನು ಗಮನಿಸಬೇಕು: ಆ ಇಡೀ ಕಡತದಲ್ಲಿ ಒಂದೇ ಒಂದು ಸುಳ್ಳು ಇರಲಿಲ್ಲ. ಇದ್ದುದು ತಡ, ಮತ್ತು ನನ್ನ ಮೌನ. ಅವೆರಡೇ ಸಾಕಾದವು.

ಪೋಲೀಸರು ಅಪರಾಧವನ್ನು ಮುಚ್ಚಿಹಾಕಿದರೆಂದು ಕೇಳಿದಾಗ ನಾವು ಕಳ್ಳದಾಖಲೆ, ಸುಳ್ಳುಸಾಕ್ಷಿ, ಲಂಚದ ಗಂಟು ಮುಂತಾದುವನ್ನು ಕಲ್ಪಿಸಿಕೊಳ್ಳುತ್ತೇವೆ. ಕುಡಿದು ವಾಹನ ಓಡಿಸಿದ ಪ್ರಕರಣದಲ್ಲಿ ಇಷ್ಟೆಲ್ಲ ಶ್ರಮ ಬೇಕಿಲ್ಲ. ಕೊಲೆಯ ಚೂರಿ ಹತ್ತು ವರ್ಷ ಬಾವಿಯ ತಳದಲ್ಲಿ ಬಿದ್ದಿದ್ದರೂ ಚೂರಿಯೇ. ಆದರೆ ಕುಡಿದವನ ನೆತ್ತರಿನಲ್ಲಿರುವ ಸಾಕ್ಷ್ಯವನ್ನು ಅವನ ಪಿತ್ತಜನಕಾಂಗವೇ ಗಂಟೆಗಂಟೆಗೂ ಸುಟ್ಟುಹಾಕುತ್ತಿರುತ್ತದೆ. ನೂರು ಮಿಲಿಲೀಟರು ರಕ್ತದಲ್ಲಿ ಗಂಟೆಗೆ ಸರಾಸರಿ 15 ಮಿಲಿಗ್ರಾಮಿನಂತೆ ಮದ್ಯಸಾರ ಕರಗುತ್ತದೆ. ನಮ್ಮ ಕಾನೂನು ಇಟ್ಟಿರುವ ಮಿತಿ 30 ಮಿಲಿಗ್ರಾಂ. ಅದರ ನಾಲ್ಕರಷ್ಟು ಏರಿಸಿಕೊಂಡವನೊಬ್ಬ ರಾತ್ರಿ ಒಂದು ಗಂಟೆಗೆ ಯಾರನ್ನಾದರೂ ಕೆಡವಿದನೆನ್ನಿ. ಬೆಳಗ್ಗೆ ಒಂಬತ್ತು, ಹತ್ತರ ಹೊತ್ತಿಗೆ ಅವನ ರಕ್ತ ಎಳೆಮಗುವಿನ ರಕ್ತದಷ್ಟೇ ನಿರ್ಮಲ. ಯಾರೂ ಏನನ್ನೂ ಅಳಿಸಬೇಕಾಗಿಲ್ಲ. ಕಾದರೆ ಸಾಕು.

ಇದೇನೂ ಕೇವಲ ನಮ್ಮ ದೇಶದ ರೋಗವೆಂದು ತಿಳಿಯಬೇಡಿ. ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ 2010ರ ಆಗಸ್ಟ್ 6ರಂದು, ಹಾಡುಹಗಲಿನಲ್ಲಿ, ಡೇವಿಡ್ ಬಿಸಾರ್ಡ್ ಎಂಬ ಪೋಲೀಸ್ ಅಧಿಕಾರಿ ತನ್ನ ಇಲಾಖೆಯ ಕಾರನ್ನು, ಕೆಂಪು ದೀಪಕ್ಕೆ ನಿಂತಿದ್ದ ಮೋಟಾರು ಸೈಕಲ್ಲುಗಳ ಮೇಲೆ ನುಗ್ಗಿಸಿದ. ಒಬ್ಬ ಸತ್ತ, ಇಬ್ಬರಿಗೆ ಭಾರಿ ಪೆಟ್ಟಾಯಿತು. ಸ್ಥಳಕ್ಕೆ ಬಂದ ಅವನ ಸಹೋದ್ಯೋಗಿಗಳಿಗೆ ಅವನಲ್ಲಿ ಅಮಲಿನ ಸುಳಿವೇ ಕಾಣಲಿಲ್ಲವಂತೆ. ಸುಮಾರು ಎರಡು ಗಂಟೆಗಳ ಬಳಿಕ ತೆಗೆದ ರಕ್ತದಲ್ಲಿ ನಮ್ಮ ಲೆಕ್ಕದಲ್ಲಿ 190 ಮಿಲಿಗ್ರಾಂ ಇತ್ತು. ಅಲ್ಲಿಯ ಮಿತಿಯ ಎರಡರಷ್ಟಕ್ಕೂ ಹೆಚ್ಚು, ನಮ್ಮ ಮಿತಿಯ ಆರರಷ್ಟಕ್ಕೂ ಹೆಚ್ಚು. ಇಷ್ಟು ಅಮಲು ಪಕ್ಕದಲ್ಲಿ ನಿಂತವರ ಮೂಗಿಗೆ ಹತ್ತಲಿಲ್ಲವೆಂದರೆ ಮೂಗಿಗೂ ಸಮವಸ್ತ್ರ ತೊಡಿಸಿದ್ದರೆಂದೇ ತಿಳಿಯಬೇಕು.

ಮುಂದೇನಾಯಿತು? ರಕ್ತ ತೆಗೆದಾತ ಕಾನೂನಿನ ಪಟ್ಟಿಯಲ್ಲಿ ಹೇಳಿದ ವರ್ಗದವನಲ್ಲವೆಂಬ ಕಾರಣದ ಮೇಲೆ ಕುಡಿತದ ಆರೋಪಗಳನ್ನೇ ಸರ್ಕಾರಿ ವಕೀಲರು ಕೈಬಿಟ್ಟರು. ಅವರ ಬಳಿಕ ಬಂದವರು ಅವನ್ನು ಮತ್ತೆ ಹೂಡಿದರು. ಅಷ್ಟರಲ್ಲಿ, 2012ರಲ್ಲಿ, ಶೀತಲ ಪೆಟ್ಟಿಗೆಯಲ್ಲಿರಬೇಕಾಗಿದ್ದ ರಕ್ತದ ಎರಡನೆಯ ಸೀಸೆಯನ್ನು ಪೋಲೀಸರೇ ತಂಪಿಲ್ಲದ ಉಗ್ರಾಣಕ್ಕೆ ಸಾಗಿಸಿದ್ದರೆಂಬುದು ಹೊರಬಿತ್ತು. ಪೋಲೀಸ್ ಮುಖ್ಯಸ್ಥರು ಸ್ಥಾನ ಬಿಡಬೇಕಾಯಿತು. ಆ ವರ್ಷವೇ ಮೇಲ್ಮನವಿಯ ನ್ಯಾಯಾಲಯ ರಕ್ತಪರೀಕ್ಷೆಯನ್ನು ಸಾಕ್ಷ್ಯವಾಗಿ ಒಪ್ಪಬಹುದೆಂದಿತು. ವಿಚಾರಣೆಗೆ ಕಾಯುತ್ತಿದ್ದ ಅಧಿಕಾರಿ 2013ರ ಏಪ್ರಿಲಿನಲ್ಲಿ ಕುಡಿದು ಇನ್ನೊಂದು ಅಪಘಾತ ಮಾಡಿದನೆಂದು ಮತ್ತೆ ಬಂಧಿತನಾದ. ಕಡೆಗೆ ಅದೇ ವರ್ಷ ನವೆಂಬರಿನಲ್ಲಿ ಅಪರಾಧ ಸಾಬೀತಾಗಿ ಅವನಿಗೆ 13 ವರ್ಷ ಸೆರೆಯಾಯಿತು. ಮೂರು ವರ್ಷಕ್ಕೂ ಮೀರಿದ ಈ ಪರದಾಟದಲ್ಲಿ ನ್ಯಾಯ ಗೆದ್ದದ್ದು ಯಾವುದರಿಂದ? ಎರಡು ಗಂಟೆಯೊಳಗೆ ತೆಗೆದ ಒಂದು ಸೀಸೆ ರಕ್ತದಿಂದ. ಅದು ಇಲ್ಲದಿದ್ದರೆ ಆ ಮೂಗುಗಳ ಸಾಕ್ಷ್ಯವೇ ಶಾಶ್ವತವಾಗುತ್ತಿತ್ತು.

ಆ ಸೀಸೆ ಸಕಾಲಕ್ಕೆ ಸಿಕ್ಕದಿದ್ದರೆ ಏನಾಗುತ್ತದೆಂಬುದನ್ನು ನೋಡಲು ನೆರೆಯ ಕೇರಳಕ್ಕೆ ಬನ್ನಿ. 2019ರ ಆಗಸ್ಟ್ 3ರ ನಡುರಾತ್ರಿ ಕಳೆದ ಮೇಲೆ ತಿರುವನಂತಪುರದಲ್ಲಿ ಪತ್ರಕರ್ತರೊಬ್ಬರು ಕಾರು ಬಡಿದು ಸತ್ತರು. ಕಾರಿನಲ್ಲಿದ್ದವರು ಪೋಲೀಸರಲ್ಲ, ಐಎಎಸ್ ಅಧಿಕಾರಿ. ಪೋಲೀಸರ ಔದಾರ್ಯ ತಮ್ಮವರಿಗೆ ಮಾತ್ರವಲ್ಲ, ತಮಗಿಂತ ಮೇಲಿನವರಿಗೂ ಸಲ್ಲುತ್ತದೆ ನೋಡಿ. ಅವರ ರಕ್ತವನ್ನು ತೆಗೆದದ್ದು ಸುಮಾರು ಒಂಬತ್ತು ಗಂಟೆಗಳ ಬಳಿಕ. ಮದ್ಯದ ಅಂಶ ಸಿಗಲಿಲ್ಲ. ಠಾಣೆಯ ಸಬ್ ಇನ್‌ಸ್ಪೆಕ್ಟರು ಅಮಾನತ್ತಾದರು. ಮೊಕದ್ದಮೆಯನ್ನು ತಡೆಯಲು ಸುಪ್ರೀಂ ಕೋರ್ಟು 2023ರಲ್ಲಿ ನಿರಾಕರಿಸಿತು. ಆ ರಾತ್ರಿ ಅವರು ಕುಡಿದಿದ್ದರೆಂದು ನಾನು ಹೇಳುವುದಿಲ್ಲ. ಅದನ್ನು ಹೇಳುವ ಹಕ್ಕು ನನಗಿಲ್ಲ. ಕುಡಿದಿರಲಿಲ್ಲವೆಂದು ಎದೆತಟ್ಟಿ ಹೇಳುವ ಅವಕಾಶವೂ ಯಾರಿಗೂ ಉಳಿಯಲಿಲ್ಲವಲ್ಲ, ಅದೇ ನನ್ನ ಸಂಕಟ. ತಡವೆಂಬುದು ತಪ್ಪಿತಸ್ಥನನ್ನು ಕಾಯುತ್ತದೆ, ನಿರಪರಾಧಿಗೆ ಜೀವನಪರ್ಯಂತ ಮಸಿ ಬಳಿಯುತ್ತದೆ.

"ಕಾನೂನು ಇದೆಯಲ್ಲ ಸ್ವಾಮಿ" ಎನ್ನುವಿರಿ. ಇದೆ, ಬಹು ಚೆನ್ನಾಗಿಯೇ ಇದೆ. 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನಂತೆ ಕುಡಿದು ಓಡಿಸಿದವನಿಗೆ ಮೊದಲ ತಪ್ಪಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. 2019ರ ತಿದ್ದುಪಡಿಯಲ್ಲಿ ಸೇರಿದ 210-ಬಿ ಕಲಮಂತೂ ಓದಲು ಬಲು ಸೊಗಸು: ಈ ಕಾಯಿದೆಯನ್ನು ಜಾರಿಗೊಳಿಸಬೇಕಾದವರೇ ಅದನ್ನು ಮುರಿದರೆ ಶಿಕ್ಷೆ ಇಮ್ಮಡಿ. ಆದರೆ ಸೊನ್ನೆಯನ್ನು ಎರಡರಿಂದ ಗುಣಿಸಿದರೆ ಬರುವುದು ಸೊನ್ನೆಯೇ ಎಂದು ನಾನು ಇಡೀ ವೃತ್ತಿಜೀವನ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಊದಿಸದ ಅಧಿಕಾರಿಗೆ ಇಮ್ಮಡಿ ಶಿಕ್ಷೆ ಎಲ್ಲಿಂದ ಬಂದೀತು?

ತೂತು ಇರುವುದು 203ನೆಯ ಕಲಮಿನಲ್ಲಿ. ಅಪಘಾತವಾದಾಗ ಚಾಲಕ ಕುಡಿದಿದ್ದಾನೆಂದು ಸಕಾರಣವಾದ ಸಂಶಯ ಬಂದರೆ ಸಮವಸ್ತ್ರಧಾರಿ ಪೋಲೀಸ್ ಅಧಿಕಾರಿ ಅವನ ಉಸಿರನ್ನು ಪರೀಕ್ಷೆಗೆ ಕೇಳ*ಬಹುದು*. ಆ "ಬಹುದು" ಎಂಬ ಮೂರಕ್ಷರದೊಳಗೆ ಒಂದು ಜೀಪೇ ನುಸುಳಿ ಹೋಗುತ್ತದೆ. ಸಂಶಯ ಬರುವುದೂ ಬಾರದಿರುವುದೂ ಅಧಿಕಾರಿಯ ಮರ್ಜಿ. ನನ್ನ ಮೇಲೆ ಬರುವ ಸಂಶಯ ತನ್ನ ಮೇಲಧಿಕಾರಿಯ ಮೇಲೆ ಬರುತ್ತದೆಯೆ? ಬಂದರೂ ನಾಳೆ ಅವರ ಮುಂದೆ ಸೆಲ್ಯೂಟು ಹೊಡೆಯಬೇಕಾದವನು ಕೊಳವೆ ಹಿಡಿಯುತ್ತಾನೆಯೆ?

ಇಲಾಖಾ ವಿಚಾರಣೆ ಇದೆಯಲ್ಲ ಎನ್ನುವವರಿಗೆ ಅಮೆರಿಕದ್ದೇ ಇನ್ನೊಂದು ಪಾಠ. ಕೊಲೊರಾಡೋ ಪ್ರಾಂತದ ಅರೋರಾ ನಗರದಲ್ಲಿ 2019ರ ಮಾರ್ಚಿನಲ್ಲಿ, ಸಮವಸ್ತ್ರದಲ್ಲಿದ್ದ ಅಧಿಕಾರಿಯೊಬ್ಬ ಪೋಲೀಸ್ ಕಾರಿನೊಳಗೆ ಪ್ರಜ್ಞೆ ತಪ್ಪಿ ಬಿದ್ದಿದ್ದ. ಎಂಜಿನ್ನು ಓಡುತ್ತಲೇ ಇತ್ತು. ಬಂದವರಿಗೆ ಮದ್ಯದ ವಾಸನೆ ಬಡಿದಿತ್ತು. ಆದರೂ ಅದನ್ನು ಕಾಯಿಲೆಯೆಂದು ಭಾವಿಸಿ ನಡೆದುಕೊಂಡರು. ಕುಡಿದದ್ದನ್ನು ಇಲಾಖಾ ವಿಚಾರಣೆಯಲ್ಲಿ ಆತ ತಾನೇ ಒಪ್ಪಿಕೊಂಡ. ನ್ಯಾಯಾಲಯದಲ್ಲಿ ಮೊಕದ್ದಮೆ ಮಾತ್ರ ಹೂಡಲಿಲ್ಲ, ಸಾಕಷ್ಟು ಸಾಕ್ಷ್ಯವಿಲ್ಲವೆಂದು. ದರ್ಜೆ ಇಳಿಸಿ ಕೆಲಸದಲ್ಲಿಯೇ ಉಳಿಸಿಕೊಂಡರು. ಮನೆಯೊಳಗಿನ ನ್ಯಾಯವೆಂದರೆ ಹೀಗೆಯೇ: ಬೈಗುಳ ಉಂಟು, ಬಾಗಿಲಾಚೆಗೆ ಸುದ್ದಿಯಿಲ್ಲ.

ಪೋಲೀಸರ ಬಾಳು ಕಷ್ಟದ್ದೆಂಬುದನ್ನು ನಾನು ಬಲ್ಲೆ. ಹೊತ್ತುಗೊತ್ತಿಲ್ಲದ ಪಾಳಿ, ಹಬ್ಬಕ್ಕೂ ಸಿಗದ ರಜೆ, ಮೇಲಿನವರ ಬೈಗುಳ, ಕೆಳಗಿನವರ ಶಾಪ. ದಣಿದವರು ಕುಡಿಯಲಿ ಬಿಡಲಿ, ಅದು ಅವರ ಮಾತು. ಕುಡಿದು ಸ್ಟಿಯರಿಂಗ್ ಹಿಡಿದರೆ ಮಾತ್ರ ಅದು ನಮ್ಮ ಮಾತು. ಇಲಾಖೆಯ ಮಾನ ಹೋಗುತ್ತದೆಂಬ ವಾದವನ್ನೂ ಕೇಳಿದ್ದೇನೆ. ಕುಡಿದವನೊಬ್ಬನಿಂದ ಹೋಗುವುದು ಒಬ್ಬನ ಮಾನ. ಅವನನ್ನು ಮುಚ್ಚಿಟ್ಟಾಗ ಠಾಣೆಯ ಅಷ್ಟೂ ಜನರ ಮಾನ ಹೋಗುತ್ತದೆ. ಆ ರಾತ್ರಿ ಮಳೆಯಲ್ಲಿ ನಿಂತು ಊದಿಸುತ್ತಿದ್ದ ಆ ನಿಷ್ಕಪಟ ಹುಡುಗನದೂ ಸೇರಿ.

ನಾನು ಕೇಳುವುದು ಹೆಚ್ಚೇನಲ್ಲ. "ಬಹುದು" ಹೋಗಿ "ತಕ್ಕದ್ದು" ಬರಲಿ. ಪೋಲೀಸ್ ವಾಹನವಾಗಲಿ, ಪೋಲೀಸರು ನಡೆಸುತ್ತಿದ್ದ ಸ್ವಂತ ವಾಹನವಾಗಲಿ ಅಪಘಾತಕ್ಕೀಡಾದರೆ, ಸಂಶಯವಿರಲಿ ಇಲ್ಲದಿರಲಿ, ಎರಡು ಗಂಟೆಯೊಳಗೆ ಚಾಲಕನ ಉಸಿರನ್ನೂ ರಕ್ತವನ್ನೂ ಪರೀಕ್ಷಿಸತಕ್ಕದ್ದು. ಎರಡು ಗಂಟೆ ನನ್ನ ಕಲ್ಪನೆಯಲ್ಲ. ಕುಡಿದು ಓಡಿಸಿ ಬಂಧನಕ್ಕೊಳಗಾದವನನ್ನು ಅಷ್ಟರೊಳಗೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕೆಂದು 202ನೆಯ ಕಲಮೇ ಹೇಳುತ್ತದೆ. ಪರೀಕ್ಷೆ ಅದೇ ಠಾಣೆಯವರ ಕೈಯಲ್ಲಿ ಬೇಡ. ಉಸಿರನ್ನು ಪರೀಕ್ಷೆಗೆ ಕೇಳುವ ಅಧಿಕಾರವನ್ನು 203ನೆಯ ಕಲಮು ಮೋಟಾರು ವಾಹನ ಇಲಾಖೆಯ ಅಧಿಕೃತ ಅಧಿಕಾರಿಗೂ ಕೊಟ್ಟಿದೆ, ಅವರು ಬರಲಿ. ತಡವಾದರೆ ಏಕೆ ತಡವಾಯಿತೆಂದು ತಡಮಾಡಿದವರು ಲಿಖಿತವಾಗಿ ಜವಾಬು ಕೊಡಲಿ. ಜವಾಬು ನಿಲ್ಲದಿದ್ದರೆ ಆ ತಡವೇ ಅಪರಾಧವಾಗಲಿ. ಮತ್ತೊಬ್ಬನನ್ನು ಶಿಕ್ಷೆಯಿಂದ ಪಾರುಮಾಡಲೆಂದು ಕಾನೂನು ಮೀರಿ ನಡೆವ ಸರ್ಕಾರಿ ನೌಕರನಿಗೆ ಹಳೆಯ ದಂಡ ಸಂಹಿತೆಯಲ್ಲೂ ಶಿಕ್ಷೆಯಿತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯಲ್ಲೂ ಇದೆ. ಪೋಲೀಸರ ಮೇಲಿನ ದೂರು ಕೇಳಲು ರಾಜ್ಯಕ್ಕೂ ಜಿಲ್ಲೆಗೂ ಪ್ರಾಧಿಕಾರ ಬೇಕೆಂದು ಸುಪ್ರೀಂ ಕೋರ್ಟು ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ 2006ರಲ್ಲೇ ಆಜ್ಞಾಪಿಸಿದೆ. ಆ ಜವಾಬುಗಳು ಅಲ್ಲಿಗೆ ಹೋಗಲಿ.

ಕಾನೂನು ತಿದ್ದುವವರು ತಿದ್ದುವ ತನಕ ನಮ್ಮ ಪಾಲಿನದೂ ಒಂದಿದೆ. ಪಂಚನಾಮೆಗೆ ರುಜು ಹಾಕುವಾಗ ಬರೆದಿರುವುದು ನಿಜವೇ ಎಂದು ನೋಡಿದರೆ ಸಾಲದು. ನಾವು ಕಂಡದ್ದೆಲ್ಲ ಬರೆದಿದೆಯೇ ಎಂದು ನೋಡಬೇಕು. ಇಲ್ಲದಿದ್ದರೆ "ಇದನ್ನೂ ಬರೆಯಿರಿ" ಎನ್ನಬೇಕು. ಎರಡೇ ಮಾತು, ನನಗೆ ಅಂದು ಬಾಯಿ ಬರಲಿಲ್ಲ.

ಹಾಲಿನವನು ಊರುಗೋಲಿನ ಮೇಲೆ ನಮ್ಮ ಮನೆಗೆ ಒಮ್ಮೆ ಬಂದಿದ್ದ. ನ್ಯಾಯದ ಮಾತೆತ್ತಲಿಲ್ಲ. "ತಿಂಗಳ ಬಾಕಿ ಇತ್ತಲ್ಲ ಮೇಷ್ಟ್ರೇ" ಎಂದ. ಹಾಲಿನ ಬಾಕಿ ಅಂದೇ ತೀರಿಸಿದೆ. ಇನ್ನೊಂದು ಬಾಕಿ ಉಳಿದಿತ್ತು. ಅದರಲ್ಲಿ ಇಷ್ಟನ್ನು ಇಂದು ಇಲ್ಲಿ ಬರೆದು ಕೊಟ್ಟಿದ್ದೇನೆ.